ನೀಲಮ್ಮನ ನಾಲಿಗೆ, ನನ್ನ ಅಕ್ಷರ

ಹೋದ ತಿಂಗಳು ಮೈಸೂರಿನಿಂದ ಬಂದಿದ್ದ ನನ್ನ ಷಡ್ಡಕನ ಮನೆಯವರಿಗೆ ಹಂಪಿ ತೋರಿಸಿದ್ದಾಯಿತು. ಬಿಸಿಲಿಗೆ ಎಲ್ಲರೂ ಸೋತು, ವಾಪಸ್ಸು ಬರುವ ದಾರಿಯಲ್ಲಿ ಕಮಲಾಪುರದ ಹತ್ತಿರದ ಒಂದು ರೆಸಾರ್ಟಿನ ನೆರಳಿನಲ್ಲಿ ಲಿಂಬು ಶರಬತ್ತು ಕುಡಿಯುತ್ತ ಕೂತಿದ್ದೆವು. ಆಚೆಯ ಮೇಜಿನಲ್ಲಿ ಇಬ್ಬರು ಪ್ರವಾಸಿಗಳಿಗೆ ಯಾರೋ ವೈನ್ ಬಾಟಲಿಯ ಬಿರಡೆ ತೆಗೆದರು. ಗಾಳಿ ನಮ್ಮ ಕಡೆಗೇ ಬೀಸುತ್ತಿತ್ತು. ನಾನು ಲೋಟ ಕೆಳಗಿಟ್ಟು ಆ ಕಡೆ ತಿರುಗಿದೆ.

"ಏನು ಭಾವ, ಬಾಯಲ್ಲಿ ನೀರು ಬಂತಾ?" ಎಂದು ಷಡ್ಡಕ ಕಣ್ಣು ಮಿಟುಕಿಸಿದ. ಅವನ ಹೆಂಡತಿ ಅವನ ತೊಡೆ ಚಿವುಟಿದಳು. ಅವನಿಗೇನು ಗೊತ್ತು, ಆ ಪದಾರ್ಥವನ್ನು ನಾನು ಎರಡು ವರ್ಷ ನನ್ನ ಕೈಯಾರೆ ತಯಾರಿಸಿದ್ದೇನೆ, ಒಂದು ಹನಿಯನ್ನೂ ನಾಲಿಗೆಗೆ ಮುಟ್ಟಿಸಿಲ್ಲ. ಆ ವಾಸನೆ ಬಂದಾಗಲೆಲ್ಲ ನನಗೆ ಎಮ್ಮಿಗನೂರಿನ ನೀಲಮ್ಮ ನೆನಪಾಗುತ್ತಾಳೆ. ಅವಳ ಹಿಂದೆಯೇ ನನ್ನ ಹೊಟ್ಟೆಕಿಚ್ಚು ಬರುತ್ತದೆ.

ನಮ್ಮದು ಹೊಸಪೇಟೆಯ ವೈಷ್ಣವರ ಮನೆ. ಅಮ್ಮ ಏಕಾದಶಿಗೆ ನೀರು ಸಹ ಮುಟ್ಟುವವಳಲ್ಲ. ನಾನು ಕೆಮಿಸ್ಟ್ರಿ ಓದಿ ಹದಿನೈದು ವರ್ಷ ಸಂಡೂರು ಕಡೆಯ ಒಂದು ಖಾಸಗಿ ಗಣಿಯ ಲ್ಯಾಬಿನಲ್ಲಿ ಕೆಲಸ ಮಾಡಿದೆ. ಅದಿರಿನ ಪುಡಿಯಲ್ಲಿ ಕಬ್ಬಿಣ ಎಷ್ಟಿದೆ ಎಂದು ನೋಡಿ ಸಹಿ ಹಾಕುವುದಷ್ಟೇ ಕೆಲಸ. ಗಣಿ ಮುಚ್ಚಿತು, ನಾನು ಮನೆಯಲ್ಲಿ ಕೂತೆ. ಪಕ್ಕದ ಮನೆಯವನು ದೋಣಿಮಲೈಯ ಸರ್ಕಾರಿ ಗಣಿಯ ಸ್ಟಾಫ್ ಬಸ್ಸು ಹತ್ತುತ್ತಿದ್ದ. ಅವನು ಟಿಫಿನ್ ಡಬ್ಬಿ ಹಿಡಿದು ಗೇಟು ತೆಗೆಯುವ ಸದ್ದು ಕೇಳಿದರೆ ನಾನು ಪೇಪರ್ ಹಿಡಿದುಕೊಂಡು ಒಳಗೆ ಹೋಗಿಬಿಡುತ್ತಿದ್ದೆ. ಇನ್ನೊಬ್ಬರಿಗೆ ಇರುವುದು ನನಗಿಲ್ಲ ಎಂದರೆ ಊಟ ಸೇರದ ಸ್ವಭಾವ ನನ್ನದು. ಅದನ್ನು ಈಗ ಮುಚ್ಚಿಟ್ಟು ಪ್ರಯೋಜನವಿಲ್ಲ.

ಅಂಥ ಹೊತ್ತಿನಲ್ಲಿ ಕಂಪ್ಲಿಯ ಸಾಹುಕಾರ್ರು ಹೇಳಿಕಳಿಸಿದರು. ಅಕ್ಕಿ ಗಿರಣಿ ಇದ್ದವರು. ಹೊಸಪೇಟೆಯಿಂದ ಸಂಡೂರಿಗೆ ಹೋಗುವ ರಸ್ತೆಯ ಪಕ್ಕ, ಗುಡ್ಡದ ಬುಡದಲ್ಲಿ ದ್ರಾಕ್ಷಿ ಹಾಕಿ, ಅಲ್ಲೇ ಒಂದು ಸಣ್ಣ ವೈನರಿ ಕಟ್ಟಿಸಿದ್ದರು. ಅವರಿಗೊಬ್ಬ ಕೆಮಿಸ್ಟ್ ಬೇಕಿತ್ತು. ನಾನು ಕೈಮುಗಿದು, "ಸಾಹುಕಾರ್ರ, ನಾ ಅದನ್ನ ಬಾಯಿಗೆ ಹಾಕ್ಕೊಳ್ಳಂಗಿಲ್ರಿ" ಎಂದೆ. ಅವರು ಜೋರಾಗಿ ನಕ್ಕರು.

"ಹದಿನೈದು ವರ್ಷ ಅದಿರು ನೆಕ್ಕಿ ನೋಡಿ ರಿಪೋರ್ಟ್ ಕೊಡ್ತಿದ್ರೇನ್ರಿ ಆಚಾರ್ರ? ಇದೂ ಹಂಗ. ಮಿಷನ್ ಐತಿ, ನೋಡ್ರಿ, ಬರೀರಿ."

ಅಮ್ಮನಿಗೆ ದ್ರಾಕ್ಷಿ ಕಾರ್ಖಾನೆ ಎಂದಷ್ಟೇ ಹೇಳಿ ಕೆಲಸಕ್ಕೆ ಸೇರಿದೆ.

ಮಿಷನ್ನುಗಳು ನಿಜಕ್ಕೂ ಮಸ್ತ್ ಇದ್ದವು. ಆಳೆತ್ತರದ ಸ್ಟೀಲ್ ಟ್ಯಾಂಕುಗಳು, ಅವುಗಳ ಸುತ್ತ ತಣ್ಣೀರು ಹರಿಯುವ ಕವಚ. ಎಲ್ಲಕ್ಕಿಂತ ನನ್ನ ಮನಸ್ಸು ಗೆದ್ದದ್ದು ರಸದೊಳಗೆ ತೇಲಿಬಿಡುವ ಸೆನ್ಸರ್. ತೆಂಗಿನಕಾಯಿಯಷ್ಟು ದಪ್ಪದ ಬಿಳಿ ಉಂಡೆ. ದ್ರಾಕ್ಷಿ ರಸ ಹುದುಗು ಬರುವಾಗ ಸಕ್ಕರೆ ಕರಗುತ್ತ ಹೋಗುತ್ತದಲ್ಲ, ಅದನ್ನು ಆ ಉಂಡೆ ಒಳಗಿನಿಂದಲೇ ಅಳೆದು ಕಾಲು ಗಂಟೆಗೊಮ್ಮೆ ನನ್ನ ಮೊಬೈಲಿಗೆ ಕಳಿಸುತ್ತಿತ್ತು. ಪರದೆಯ ಮೇಲೆ ಒಂದು ಗೆರೆ ಮೆಲ್ಲಗೆ ಇಳಿಯುತ್ತ ಬರುವುದು. ಬೆಳಿಗ್ಗೆ ದೇವರ ಮುಂದೆ ಕೂತು ಗಂಧ ತೇಯುವಾಗಲೂ ಒಂದು ಕಣ್ಣು ಆ ಗೆರೆಯ ಮೇಲೆ ಇರುತ್ತಿತ್ತು. ಮೂಗು ಬೇಡ, ನಾಲಿಗೆ ಬೇಡ, ಮಡಿ ಕೆಡಬೇಕಾಗಿಲ್ಲ. ಈ ಉದ್ಯೋಗ ನನಗೋಸ್ಕರವೇ ಹುಟ್ಟಿದೆ ಎಂದು ಮೊದಲ ವರ್ಷ ಬೀಗಿದೆ.

ಎರಡನೆಯ ವರ್ಷದ ಸುಗ್ಗಿಯೇ ನಾನು ಹೇಳಬೇಕಾದದ್ದು.

ಆ ಸಲ ಶಿವರಾತ್ರಿಗೆ ಮೊದಲೇ ಬಿಸಿಲು ಏರಿತು. ಕಪ್ಪು ದ್ರಾಕ್ಷಿ ಒಟ್ಟಿಗೇ ಹಣ್ಣಾಗಲು ಶುರುವಾಯಿತು. ಗುಡ್ಡದ ಆಚೆ ವರ್ಷಗಟ್ಟಲೆ ಮುಚ್ಚಿದ್ದ ಒಂದು ಗಣಿ ಮತ್ತೆ ತೆರೆದು, ತೋಟದ ಪಕ್ಕದ ರಸ್ತೆಯಲ್ಲಿ ಅದಿರು ಲಾರಿಗಳು ಒಂದರ ಬಾಲ ಒಂದು ಹಿಡಿದು ಓಡತೊಡಗಿದವು. ರಸ್ತೆ ಬದಿಯ ಸಾಲುಗಳ ಎಲೆ, ಗೊನೆ, ಕಂಬ, ತಂತಿ ಎಲ್ಲ ಕೆಂಪು. ನಮ್ಮ ಯಾರ ಕಣ್ಣಿಗೂ ಅದು ಬೀಳಲಿಲ್ಲ. ಈ ಸೀಮೆಯಲ್ಲಿ ಹುಟ್ಟಿದವರಿಗೆ ಕೆಂಪು ಧೂಳು ಧೂಳೆಂದು ಕಾಣುವುದಿಲ್ಲ. ನನಗಂತೂ ಆ ಧೂಳಿನ ವಾಸನೆ ಬಂದಾಗ ಗಣಿ ತೆರೆದಿದೆ, ಊರು ಮತ್ತೆ ನಡೆಯುತ್ತದೆ ಎಂದು ಖುಷಿಯೇ ಆಗುತ್ತಿತ್ತು.

ಹಣ್ಣು ಆರಿಸುವ ಮೇಜಿಗೆ ಎಮ್ಮಿಗನೂರಿನಿಂದ ಹತ್ತು ಹೆಂಗಸರು ಟಂಟಂ ಆಟೋದಲ್ಲಿ ಬರುತ್ತಿದ್ದರು. ಅವರಲ್ಲೊಬ್ಬಳು ನೀಲಮ್ಮ. ಮೂವತ್ತೈದರ ಆಸುಪಾಸು, ಹಣೆಯ ತುಂಬ ವಿಭೂತಿ. ಅವಳ ಅಪ್ಪ ಊರಿನ ಬೆಲ್ಲದ ಗಾಣದಲ್ಲಿ ಪಾಕದ ಹದ ನೋಡುವವನಾಗಿದ್ದನಂತೆ. ಅವನು ತೀರಿಕೊಂಡ ಮೇಲೆ ಇವಳೇ ನೋಡುತ್ತಿದ್ದಳು. ಕಬ್ಬಿನ ಕಾಲ ಮುಗಿದಾಗ ನಮ್ಮಲ್ಲಿಗೆ ಬಂದಳು. ಮೊದಲ ದಿನವೇ ಗೊನೆಗಳನ್ನು ಸೆರಗಿನಿಂದ ಒರೆಸಿ ಒರೆಸಿ ಇಡುತ್ತಿದ್ದಳು. "ಜಲ್ದಿ ಮಾಡವಾ, ಇದೇನು ಪೂಜಾ ಸಾಮಾನೇನು?" ಎಂದು ನಾನೇ ಗದರಿದೆ. ವೈನಿನ ಹಣ್ಣು ತೊಳೆಯಬಾರದು ಎನ್ನುವುದು ನಾನು ಪುಸ್ತಕದಲ್ಲಿ ಓದಿದ್ದ ನಿಯಮ.

ಸಾಹುಕಾರ್ರು ನಾಸಿಕ್ ಕಡೆಯಿಂದ ಒಬ್ಬ ಸಲಹೆಗಾರನನ್ನು ಕರೆಸಿದ್ದರು. ಅವನು ಒಂದು ಮಧ್ಯಾಹ್ನ, ತಮಾಷೆಗೋ ಏನೋ, ಮೂರು ಲೋಟದಲ್ಲಿ ಹಸಿ ರಸ ಇಟ್ಟು ಎಲ್ಲರನ್ನೂ ಕರೆದು ಯಾವುದು ಯಾವ ಕಡೆಯ ಹಣ್ಣಿನದು ಹೇಳಿ ಎಂದ. ಹೆಂಗಸರು ಸೆರಗಿನಲ್ಲಿ ಬಾಯಿ ಮುಚ್ಚಿ ನಕ್ಕರು. ನೀಲಮ್ಮ ಮಾತ್ರ ಮುಂದೆ ಬಂದಳು. ಒಂದೊಂದು ಗುಟುಕು ಬಾಯಲ್ಲಿ ಹೊರಳಿಸಿದಳು.

"ಇದು ಮ್ಯಾಲಿನ ಬದುವಿಂದ್ರಿ. ಇದು ಬಾವಿ ಕಡೀದು. ಈ ಮೂರನೇ ಲೋಟದಾಗ ಎರಡೂ ಕೂಡ್ಸೀರಿ."

ಕೂಡಿಸಿದ್ದು ಸಲಹೆಗಾರನಿಗೆ ಬಿಟ್ಟರೆ ನನಗೂ ಗೊತ್ತಿರಲಿಲ್ಲ. ಅವನು ಕುರ್ಚಿಯಿಂದ ಎದ್ದು ನಿಂತ. ಮರುದಿನದಿಂದ ನೀಲಮ್ಮನಿಗೆ ಟ್ಯಾಂಕುಗಳ ಪಕ್ಕ ಒಂದು ಸ್ಟೂಲು, ಒಂದು ಸ್ಟೀಲ್ ಲೋಟ, ಉಗುಳಲು ಒಂದು ಬಕೆಟ್ ಬಂತು.

ಹುದುಗುವ ರಸ ಬಾಯಿಗೆ ಹಾಕಲು ಅವಳಾದರೂ ಹಿಂಜರಿಯುತ್ತಾಳೆ ಎಂದುಕೊಂಡಿದ್ದೆ. ಒಳಗೊಳಗೇ ಹಾರೈಸಿದ್ದೆ ಕೂಡ. "ನುಂಗಂಗಿಲ್ರಿ ಸಾರ್, ಉಗುಳ್ತೀನಿ. ನುಂಗಿದ್ರ ತಾನ ದೋಷ?" ಎಂದಳು. ಸಂಜೆ ಮೂರು ಸಲ ಬಾಯಿ ಮುಕ್ಕಳಿಸಿ, ಸೊಂಟದ ಚೀಲದಿಂದ ವಿಭೂತಿ ತೆಗೆದು ಹಣೆಗೆ ಬಳಿದುಕೊಂಡು ನಗುತ್ತ ಟಂಟಂ ಹತ್ತುತ್ತಿದ್ದಳು. ಅವಳ ಶಿವನಿಗೆ ಇಷ್ಟು ಸಲೀಸಾದ ದಾರಿ ಹೊಳೆದಿರುವಾಗ ನನ್ನ ದೇವರಿಗೆ ಯಾಕೆ ಹೊಳೆಯಲಿಲ್ಲ ಎಂದು ಅವನ ಮೇಲೂ ಸಿಟ್ಟು ಬಂತು.

ದಿನವಹಿಗೆ ಒಂದು ರಿಜಿಸ್ಟರ್ ಇತ್ತು. ಮೊದಲು ಅದರಲ್ಲಿ ನನ್ನ ಅಂಕಿಗಳು ಮಾತ್ರ ಇರುತ್ತಿದ್ದವು. ಈಗ ಸಲಹೆಗಾರ ಬಲಗಡೆ ಇನ್ನೊಂದು ಗೆರೆ ಎಳೆದು, ನೀಲಮ್ಮ ಹೇಳಿದ್ದನ್ನು ಹೇಳಿದಂತೆಯೇ ಬರೆಯಬೇಕು ಎಂದ. ಅವಳಿಗೆ ಓದಲು ಬರುತ್ತಿತ್ತು, ಬರೆಯುವುದು ನಿಧಾನ. ಹಾಗಾಗಿ ಬರೆಯುವ ಭಾಗ್ಯ ನನ್ನದಾಯಿತು. ಅವಳು ಹೇಳುವಳು, ನಾನು ಬರೆದು ಗಟ್ಟಿಯಾಗಿ ಓದಿಹೇಳುವೆ, ಅವಳು ಹೂಂ ಎನ್ನುವಳು. "ಹಸಿ ಕಬ್ಬಿನ ಸಿಪ್ಪಿ ಕಚ್ಚಿದಂಗ." "ಪಾಕ ಏರಾಕತ್ತೈತಿ, ಇನ್ನ ಎಳೀದು." "ನೇರಳೆಹಣ್ಣು ತಿಂದ ಮ್ಯಾಲೆ ಬಾಯಿ ಹಿಡೀತೈತಲ್ರಿ, ಹಂಗ." ನನ್ನ ದುಂಡಗಿನ ಅಕ್ಷರದಲ್ಲಿ ಅವಳ ಮಾತು. ಸಾಹುಕಾರ್ರು ಬಂದವರೇ ರಿಜಿಸ್ಟರ್ ತೆಗೆದು ಮೊದಲು ಬಲಗಡೆ ಓದಿ ತಲೆದೂಗುವರು. ಎಡಗಡೆ ನೋಡಿದರೋ ಇಲ್ಲವೋ, ನಾನು ಅವರ ಕಣ್ಣಿನ ಗುಡ್ಡೆಯನ್ನೇ ನೋಡುತ್ತ ನಿಂತಿರುತ್ತಿದ್ದೆ.

ಒಂದು ದಿನ ನನ್ನ ಮೊಬೈಲಿನ ಗೆರೆ ಸಪಾಟಾಗಿ ನಿಂತಿತು. ಒಂದನೇ ಟ್ಯಾಂಕಿನಲ್ಲಿ ಹುದುಗು ಮುಗಿಯಿತು ಎಂದು ಸಾಹುಕಾರ್ರಿಗೆ ಫೋನು ಮಾಡಿದೆ. ನೀಲಮ್ಮ ಲೋಟ ತೊಳೆಯುತ್ತ, "ಸಿಹಿ ಇನ್ನ ಹೋಗಿಲ್ರಿ ಸಾರ್, ನಾಲಿಗಿ ತುದಿಗೆ ಹತ್ತತೈತಿ" ಎಂದಳು. ತೆಗೆದು ನೋಡಿದರೆ, ಸೆನ್ಸರ್, ರಸದ ಮೇಲೆ ತೇಲುವ ಸಿಪ್ಪೆಯ ಗಟ್ಟಿ ಪದರದಲ್ಲಿ ಸಿಕ್ಕಿಕೊಂಡು ಬೆಳಗಿನಿಂದ ಒಂದೇ ಅಂಕಿ ಕಳಿಸುತ್ತಿತ್ತು. ಸಾಹುಕಾರ್ರು ಬೈಯಲಿಲ್ಲ. ನಕ್ಕರು. "ನಿಮ್ಮ ಉಂಡಿಗಿಂತ ನಮ್ಮ ನೀಲವ್ವ ಪಾಡು ಬಿಡ್ರಿ" ಎಂದರು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಅಲ್ಲಿಂದ ನನಗೆ ಹುಚ್ಚು ಹಿಡಿದಂತಾಯಿತು. ಮನೆಯಲ್ಲಿ ಮೂಗನ್ನಾದರೂ ಪಳಗಿಸೋಣವೆಂದು ಕಣ್ಣು ಮುಚ್ಚಿಕೊಂಡು ಅಡುಗೆಮನೆಯ ಡಬ್ಬಿಗಳನ್ನು ಮೂಸತೊಡಗಿದೆ. "ಏನ್ರೀ ಇದು, ತೊಗರಿಬ್ಯಾಳಿ ಡಬ್ಬಿಯೊಳಗ ಮೂಗಿಟ್ಟು ಕೂತೀರಲ್ಲ, ಹುಳ ಆಗ್ಯಾವೇನು?" ಎಂದು ಹೆಂಡತಿ ಡಬ್ಬಿ ಕಿತ್ತುಕೊಂಡಳು. ಇನ್ನೊಂದು ದಿನ ಊಟದ ಹೊತ್ತು, ಶೆಡ್ಡಿನಲ್ಲಿ ಯಾರೂ ಇರಲಿಲ್ಲ. ನೀಲಮ್ಮನ ಲೋಟದಲ್ಲಿ ಎರಡು ಗುಟುಕು ಉಳಿದಿತ್ತು. ಎತ್ತಿ ತುಟಿಯವರೆಗೂ ತಂದೆ. ಅಮ್ಮನ ಮುಖ ಕಣ್ಣೆದುರು ಬಂತು. ಗಡಬಡಿಸಿ ಲೋಟ ಕೆಳಗಿಡುವಾಗ ಅಂಗಿಯ ಮೇಲೆ ಚೆಲ್ಲಿಕೊಂಡೆ. ಅದನ್ನು ನಲ್ಲಿಯ ಕೆಳಗೆ ತಿಕ್ಕಿ ತೊಳೆಯುವಾಗ ನೀಲಮ್ಮನ ಮೇಲೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಏನೂ ಮಾಡದ ಒಬ್ಬ ಹೆಂಗಸಿನ ಮೇಲೆ.

ಮೂರನೇ ಟ್ಯಾಂಕು ಎಲ್ಲಕ್ಕಿಂತ ದೊಡ್ಡದು. ಆ ವರ್ಷ ಸಾಹುಕಾರ್ರು ತಮ್ಮ ಹೆಸರಿನ ಮೊದಲ ಬಾಟಲಿ ತರಬೇಕೆಂದಿದ್ದದ್ದು ಅದರಿಂದಲೇ. ಅದಕ್ಕೆ ರಸ್ತೆ ಬದಿಯ ಸಾಲುಗಳ ಹಣ್ಣು ಬಂದು ಬೀಳತೊಡಗಿತು. ಇನ್ನೂ ಎರಡು ದಿನದ ಕೊಯ್ಲು ಬಾಕಿ. ನೀಲಮ್ಮ ಒಂದು ಗುಟುಕು ಬಾಯಿಗೆ ಹಾಕಿ ಕೂಡಲೇ ಉಗುಳಿದಳು. ಇನ್ನೊಮ್ಮೆ ನೋಡಿದಳು. ಮುಖ ಕಿವುಚಿದಳು.

"ಸಾರ್, ಇದು ಕಬ್ಬಿಣ ನೆಕ್ಕಿದಂಗ ಆಗತೈತ್ರಿ. ಬೋರ್‌ವೆಲ್ ಹ್ಯಾಂಡಲ್ ಬಾಯಾಗ ಇಟ್ಟಂಗ. ಹಣ್ಣಿನ ಮ್ಯಾಲಿನ ಧೂಳು ಇರಬೇಕ್ರಿ. ತೊಳ್ಸಿದ್ರ ಪಾಡು."

ನನ್ನ ಪೆನ್ನು ಬಲಗಡೆಯ ಅಂಕಣದ ಮೇಲೆ ನಿಂತಿತು. ಕಬ್ಬಿಣ! ಹದಿನೈದು ವರ್ಷ ಕಬ್ಬಿಣದ ಸಹಿ ಹಾಕಿದವನಿಗೆ, ಬೆಲ್ಲದ ಗಾಣದವಳು ಬಂದು ಕಬ್ಬಿಣ ತೋರಿಸುವುದೆಂದರೇನು? ಎಡಗಡೆಯ ನನ್ನ ಅಂಕಿಗಳು, ಸಕ್ಕರೆ, ಹುಳಿ, ತಾಪಮಾನ ಎಲ್ಲ ಚೊಕ್ಕವಾಗಿದ್ದವು. ಕಬ್ಬಿಣ ಬರೆಯುವ ಅಂಕಣ ಆ ರಿಜಿಸ್ಟರಿನಲ್ಲಿ ಇರಲೇ ಇಲ್ಲ. ನಾನು ಬರೆದೆ: "ಸರಿ ಇದೆ." ಅವತ್ತು ಓದಿಹೇಳಲಿಲ್ಲ. ಅವಳು ಹೂಂ ಎನ್ನಲು ಕಾದು ನಿಂತಿದ್ದಳು, ನಾನು ಪುಸ್ತಕ ಮುಚ್ಚಿದೆ.

ಹಣೆಬರಹ ನೋಡಿ, ಕಬ್ಬಿಣ ಪರೀಕ್ಷೆಯ ದ್ರಾವಣಗಳು ನನ್ನ ಕಪಾಟಿನಲ್ಲೇ ಇದ್ದವು. ಹಳೆಯ ಲ್ಯಾಬಿನಿಂದ ಅಭಿಮಾನಕ್ಕೆ ತಂದಿಟ್ಟುಕೊಂಡಿದ್ದೆ. ಹತ್ತು ನಿಮಿಷದ ಕೆಲಸ. ಸೀಸೆ ಕೈಗೆತ್ತಿಕೊಂಡೆ, ಮುಚ್ಚಳವನ್ನೂ ತಿರುಗಿಸಿದೆ. ಅವಳು ಹೇಳಿದ್ದು ನಿಜವಾಗಿಬಿಟ್ಟರೆ? ಆಮೇಲೆ ನಾನೇ ನನ್ನ ಕೈಯಾರೆ ಎಡಗಡೆಯಲ್ಲೂ ಅವಳನ್ನೇ ಬರೆಯಬೇಕಲ್ಲ. ಸೀಸೆ ವಾಪಸ್ಸು ಕಪಾಟಿಗೆ ಹೋಯಿತು. ಮರುದಿನ, ಅದರ ಮರುದಿನ ಅವಳು ಅದೇ ಮಾತು ಹೇಳಿದಳು. ಎರಡು ದಿನವೂ ನಾನು ಅದೇ ಎರಡು ಪದ ಬರೆದೆ. ಕೊಯ್ಲು ಮುಗಿದ ಮೇಲೆ ಆ ಟ್ಯಾಂಕಿನ ರುಚಿ ನೋಡಲು ಅವಳನ್ನು ಕರೆಯಲೇ ಇಲ್ಲ.

ಮೊದಲ ಮಳೆ ಬರುವ ಹೊತ್ತಿಗೆ ಮೂರನೇ ಟ್ಯಾಂಕಿನ ವೈನನ್ನು ಬೇರೆ ಟ್ಯಾಂಕಿಗೆ ಇಳಿಸಿದೆವು. ಗಾಳಿ ತಾಗಿದ ಮೇಲೆ, ಕೆಂಪಗೆ ಹೊಳೆಯಬೇಕಾದದ್ದು ದಿನದಿನಕ್ಕೆ ಮಸಿ ಕಲಸಿದಂತೆ ಕಂದಿ ನೀಲಿ ಬಗ್ಗಡವಾಯಿತು. ನಾಸಿಕ್‌ಗೆ ಮರಳಿದ್ದ ಸಲಹೆಗಾರ ಓಡಿಬಂದ. ಮಾದರಿ ಹೊರಗಿನ ಲ್ಯಾಬಿಗೆ ಹೋಗಿ ಬಂತು. ಧೂಳಿನ ಕಬ್ಬಿಣ. ಸೋಸಿದರೂ ಹೋಗದು, ಬಾಟಲಿಗೆ ತುಂಬುವಂತಿಲ್ಲ. ಸಾಹುಕಾರ್ರು ರಿಜಿಸ್ಟರ್ ತೆಗೆದು ಹಾಳೆ ತಿರುವಿದರು. ನೀಲಮ್ಮನನ್ನು ಕರೆಸಿದರು.

"ಏನವಾ ನೀಲವ್ವ, ಮೂರು ದಿನ ಸರಿ ಇದೆ ಅಂದೀಯಲ್ಲ. ಇಷ್ಟು ಕಬ್ಬಿಣ ನಿನ್ನ ನಾಲಿಗಿಗೆ ಹತ್ತಲಿಲ್ಲೇನು?"

ಅವಳು ಬಗ್ಗಿ, ಅಕ್ಷರದ ಕೆಳಗೆ ಬೆರಳಿಟ್ಟು ನಿಧಾನವಾಗಿ ಓದಿದಳು. ಮೂರೂ ದಿನದ್ದನ್ನು ಓದಿದಳು. ಆಮೇಲೆ ನನ್ನ ಕಡೆ ನೋಡಿದಳು. ಈಗ ಬಾಯಿ ಬಿಡುತ್ತಾಳೆ, ನನ್ನ ಕಥೆ ಮುಗಿಯಿತು ಎಂದುಕೊಂಡೆ.

"ನಾ ಕಬ್ಬಿಣ ಅಂದಂಗ ನೆನಪ್ರಿ" ಎಂದಳು. "ಆದ್ರ ಇಲ್ಲಿ ಬ್ಯಾರೆ ಐತಿ. ಆಚಾರ್ ಸಾರು ದೇವರಂಥಾರು, ಅವರ್ಯಾಕ ಸುಳ್ಳು ಬರೀತಾರ್ರಿ? ನನ್ನ ನಾಲಿಗೀನ ಕೆಟ್ಟಿರಬೇಕು. ಇಲ್ಲಾ ತಲಿ ಕೆಟ್ಟಿರಬೇಕು."

ಸಾಹುಕಾರ್ರು ನನ್ನತ್ತ ತಿರುಗಿದರು. "ನೀವೇನಂತೀರಿ ಆಚಾರ್ರ?"

"ಆಕಿ ಹೇಳಿದ್ದ ಬರದೀನ್ರಿ" ಎಂದೆ.

ನೀಲಮ್ಮ ಲೋಟ ತೊಳೆದು ಸ್ಟೂಲಿನ ಮೇಲೆ ಬೋರಲು ಹಾಕಿ ಹೋದವಳು ಮತ್ತೆ ಬರಲಿಲ್ಲ. ರಿಜಿಸ್ಟರಿನ ಬಲಗಡೆ ಖಾಲಿ ಉಳಿಯಿತು. ನನಗೆ ಬೇಕಾಗಿದ್ದದ್ದೂ ಅದೇ. ಸಾಹುಕಾರ್ರು ಈಗ ಎಡಗಡೆಯನ್ನೇ ಓದುತ್ತಿದ್ದರು. ಆದರೆ ಓದುವಾಗ ಅವರ ತಲೆ ಒಂದು ಸಲವೂ ತೂಗಲಿಲ್ಲ. ಕಣ್ಣ ಮುಂದೆ ಇಲ್ಲದವಳ ಮೇಲೂ ಮತ್ಸರಪಡಬಹುದು ಎಂದು ಆ ಮಳೆಗಾಲದಲ್ಲಿ ಕಲಿತೆ.

ಸಂಕ್ರಾಂತಿಯ ಹೊತ್ತಿಗೆ ಟಂಟಂ ಓಡಿಸುವ ಹುಸೇನಪ್ಪ ಹಾಗೇ ಮಾತಿಗೆ ಹೇಳಿದ: "ನೀಲವ್ವ ಈಗ ಗಾಣದಾಗೂ ಪಾಕ ನೋಡಂಗಿಲ್ರಿ ಸಾರ್. ನನ್ನ ನಾಲಿಗಿ ಕೆಟ್ಟೈತಿ, ನಂಬಬ್ಯಾಡ್ರಿ ಅಂತಾಳ. ಆಕಿ ತಮ್ಮ ನೋಡ್ತಾನ. ಅವಗೇನು ತಿಳೀತೈತಿ, ಭಾಳ ಬೆಲ್ಲ ಹೊತ್ತಸ್ಯಾನ."

ಅವತ್ತು ರಾತ್ರಿ ಅರ್ಧ ಊಟಕ್ಕೇ ಎದ್ದು ಕೈ ತೊಳೆದೆ. ವೈನಿನಿಂದ ಅವಳನ್ನು ಓಡಿಸುವುದು ನನಗೆ ಬೇಕಿತ್ತು. ಅಪ್ಪನಿಂದ ಬಂದದ್ದನ್ನೂ ಕಿತ್ತುಕೊಳ್ಳುತ್ತೇನೆ ಎಂದು ನಾನು ಎಣಿಸಿರಲಿಲ್ಲ. ಬೆಳಿಗ್ಗೆ ಕಂಪ್ಲಿಗೆ ಹೋಗಿ ಸಾಹುಕಾರ್ರ ಮುಂದೆ ಎಲ್ಲ ಹೇಳಿದೆ. ಅವರು ಗಿರಣಿಯ ಲೆಕ್ಕದ ಪುಸ್ತಕ ಮುಚ್ಚಿಟ್ಟರು. "ನಿಮ್ಮ ಕೆಲಸದ ಮಾತು ಆಮ್ಯಾಲೆ. ಮೊದಲ ಆಕಿಗೆ ಹೋಗಿ ಹೇಳ್ರಿ" ಎಂದರು. ಕೆಲಸದ ಮಾತು ಏನಾಗುತ್ತದೆಂದು ಅವರ ಮುಖದಲ್ಲೇ ಇತ್ತು. ಹುಸೇನಪ್ಪನ ಟಂಟಂನಲ್ಲೇ ಎಮ್ಮಿಗನೂರಿಗೆ ಹೋದೆ.

ಗಾಣದಲ್ಲಿ ಕೊಪ್ಪರಿಗೆ ಕುದಿಯುತ್ತಿತ್ತು. ನೀಲಮ್ಮನ ತಮ್ಮ ಉದ್ದನೆಯ ಸೌಟು ಹಿಡಿದು ಕಕ್ಕಾಬಿಕ್ಕಿಯಾಗಿ ನಿಂತಿದ್ದ. ನೀಲಮ್ಮ ದೂರದಲ್ಲಿ ಕಬ್ಬಿನ ಸಿಪ್ಪೆ ಒಟ್ಟುತ್ತಿದ್ದಳು. ನನ್ನನ್ನು ಕಂಡು ಸೆರಗು ಸರಿಮಾಡಿಕೊಂಡು, "ಬರ್ರಿ ಸಾರ್, ಕುಂದ್ರಿ, ಹಾಲು ಕುಡೀರಿ" ಎಂದು ಕಬ್ಬಿನ ಹಾಲಿಗೆ ಲೋಟ ಹುಡುಕಿದಳು. ಬೇಡವೆಂದೆ. ನಿಂತೇ ಹೇಳಿದೆ.

"ನೀಲಮ್ಮ, ಆ ಮೂರು ದಿನ ನೀ ಕಬ್ಬಿಣ ಅಂದಿದ್ದಿ. ನಾ ಸರಿ ಇದೆ ಅಂತ ಬರದೆ. ಬೇಕಂತ ಬರದೆ. ಸಾಹುಕಾರ್ರಿಗೂ ಹೇಳಿ ಬಂದೀನಿ. ನಿನ್ನ ನಾಲಿಗಿ ಕೆಟ್ಟಿಲ್ಲ."

"ಯಾಕ್ರಿ?" ಎಂದಳು. ಅಷ್ಟೇ.

"ಹೊಟ್ಟಿಕಿಚ್ಚವಾ" ಎಂದೆ.

ಬೈಯುತ್ತಾಳೆ, ಇಲ್ಲವೇ ಅಳುತ್ತಾಳೆ ಎಂದುಕೊಂಡೆ. ಅವಳು ನನ್ನನ್ನು ಅಡಿಯಿಂದ ಮುಡಿಯವರೆಗೆ ಒಮ್ಮೆ ನೋಡಿದಳು. ಕೈಯಲ್ಲಿದ್ದ ಸಿಪ್ಪೆ ಕೆಳಗೆ ಹಾಕಿ, ನನ್ನನ್ನು ದಾಟಿಕೊಂಡು ಕೊಪ್ಪರಿಗೆಯ ಹತ್ತಿರ ಹೋಗಿ ತಮ್ಮನ ಕೈಯಿಂದ ಸೌಟು ಕಸಿದುಕೊಂಡಳು. ಒಂದು ಹನಿ ಪಾಕ ತಣ್ಣೀರಿಗೆ ಬಿಟ್ಟು, ಬೆರಳಿನಿಂದ ಎತ್ತಿ ನಾಲಿಗೆಯ ಮೇಲೆ ಇಟ್ಟಳು. ಕಣ್ಣು ಮುಚ್ಚಿದಳು. ಹೊಗೆ ಅವಳ ಮುಖವನ್ನು ಮುಚ್ಚಿ ಮತ್ತೆ ಬಿಟ್ಟುಕೊಟ್ಟಿತು.

"ಬೆಂಕಿ ಸಣ್ಣ ಮಾಡಲೇ. ಇನ್ನ ಎರಡ ಕುದಿ" ಎಂದಳು ತಮ್ಮನಿಗೆ.

ನಾನಿನ್ನೂ ಅಲ್ಲೇ ಇದ್ದೇನೆ ಎನ್ನುವುದು ಅವಳಿಗೆ ಮರೆತೇ ಹೋಗಿತ್ತು. ಎರಡು ಕುದಿ ಬಂತು. ಅವಳು ಕೈ ಎತ್ತಿದಳು, ನಾಲ್ಕು ಜನ ಸೇರಿ ಕೊಪ್ಪರಿಗೆ ಇಳಿಸಿದರು, ಬಂಗಾರದ ಬಣ್ಣದ ಪಾಕ ಅಚ್ಚಿನ ಮಣೆಗೆ ಹರಿಯಿತು. ನಾನು ಮಾಡಬೇಕಾದ್ದನ್ನು ಮಾಡಿ ಮುಗಿಸಿದ್ದೆ, ಮನಸ್ಸು ಹಗುರಾಗಬೇಕಾಗಿತ್ತು. ದೇವರಾಣೆ ಹೇಳುತ್ತೇನೆ, ಆ ಮುಚ್ಚಿದ ಕಣ್ಣು ನೋಡುತ್ತ ನಿಂತ ನನಗೆ ಮತ್ತೆ ಹೊಟ್ಟೆ ಉರಿಯಿತು.